ನಿರ್ಣಾಯಕ ಖನಿಜಗಳ ನೀತಿ ಮತ್ತು ನಮ್ಮ ತೋಟಗಳು

ಮಳೆಗಾಲಕ್ಕೆ ಮುಂಚೆ ಮೈಲುತುತ್ತು ಕೊಂಡೊಯ್ಯಲು ಬರುವ ಸದಸ್ಯರಲ್ಲಿ ಹೆಚ್ಚಿನವರು ನಮ್ಮ ಮಾರಾಟ ಮಳಿಗೆಯಲ್ಲಿ ಕೇಳುವ ಮೊದಲ ಪ್ರಶ್ನೆ “ಈ ಸಲ ರೇಟು ಎಷ್ಟು?” ಎಂದು. ಎರಡನೆಯದು “ಯಾಕೆ ಇಷ್ಟು?” ಎಂದು. ಮೊದಲನೆಯದಕ್ಕೆ ನಮ್ಮ ಗುಮಾಸ್ತರು ಉತ್ತರ ಹೇಳಬಲ್ಲರು. ಎರಡನೆಯದರ ಉತ್ತರ ನಮ್ಮ ಮಳಿಗೆಯಲ್ಲಿಲ್ಲ, ಮಂಗಳೂರಿನ ಪೇಟೆಯಲ್ಲಿಯೂ ಇಲ್ಲ. ಅದನ್ನು ಹುಡುಕಿಕೊಂಡು ಹೊರಟರೆ ಲಂಡನ್ನಿನ ಲೋಹದ ಪೇಟೆ, ಚೀನಾದ ಕಾರ್ಖಾನೆಗಳು, ಕೊನೆಗೆ ದಿಲ್ಲಿಯ ಗಣಿ ಸಚಿವಾಲಯದವರೆಗೂ ಹೋಗಬೇಕಾಗುತ್ತದೆ. ಆ ದಾರಿಯನ್ನು ಸದಸ್ಯ ಬಾಂಧವರಿಗೆ ಯಥಾಶಕ್ತಿ ವಿವರಿಸುವುದು ಈ ಲೇಖನದ ಉದ್ದೇಶ.

2023ರ ಜೂನ್ ತಿಂಗಳಲ್ಲಿ ಕೇಂದ್ರ ಗಣಿ ಸಚಿವಾಲಯವು 30 ಖನಿಜಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಇವುಗಳಿಗೆ ‘ನಿರ್ಣಾಯಕ ಖನಿಜಗಳು’ ಎಂದು ಹೆಸರು. ಪತ್ರಿಕೆಗಳೆಲ್ಲ ಲಿಥಿಯಂ, ಕೋಬಾಲ್ಟ್‌ಗಳ ಬಗ್ಗೆ ಬರೆದವು. ಮೊಬೈಲು, ವಿದ್ಯುತ್ ಕಾರು, ಗಾಳಿಯಂತ್ರ, ಸೌರಫಲಕ ಇವುಗಳಿಗೆ ಬೇಕಾದ ಸಾಮಗ್ರಿ ಎಂದು ತಿಳಿದು ತೋಟಗಾರರಾದ ನಾವು ಪುಟ ತಿರುವಿದೆವು. ಆದರೆ ಪಟ್ಟಿಯನ್ನು ಕೊನೆಯವರೆಗೆ ಓದಿದವರಿಗೆ ಅದರಲ್ಲಿ ಮೂರು ಹಳೆಯ ಪರಿಚಿತರು ಸಿಕ್ಕುತ್ತಾರೆ: ತಾಮ್ರ, ಪೊಟ್ಯಾಷ್ ಮತ್ತು ರಂಜಕ. ಮೊದಲನೆಯದು ಮೈಲುತುತ್ತಿನಲ್ಲಿರುವುದು. ಉಳಿದೆರಡು ನಮ್ಮ ಗೊಬ್ಬರದ ಚೀಲದಲ್ಲಿರುವವು. ಅಂದ ಮೇಲೆ ಈ ನೀತಿ ನಮ್ಮದೂ ಹೌದು.

‘ನಿರ್ಣಾಯಕ’ ಎಂದರೆ ಏನು?

ನಿರ್ಣಾಯಕ ಎಂದರೆ ಅಪರೂಪದ್ದು ಎಂದರ್ಥವಲ್ಲ. ಚಿನ್ನ ಅಪರೂಪ, ಆದರೆ ಅದು ಈ ಪಟ್ಟಿಯಲ್ಲಿಲ್ಲ. ತಾಮ್ರ ಅಷ್ಟೇನೂ ಅಪರೂಪವಲ್ಲ, ಅದು ಇದೆ. ಸರಕಾರಗಳು ಎರಡು ಅಳತೆಗಳನ್ನು ಇಟ್ಟುಕೊಂಡು ನೋಡುತ್ತವೆ. ಆ ವಸ್ತು ಇಲ್ಲದಿದ್ದರೆ ದೇಶದ ಉದ್ಯಮಕ್ಕೆ ಎಷ್ಟು ಪೆಟ್ಟು ಎಂಬುದು ಒಂದು. ಅದರ ಪೂರೈಕೆ ಎಷ್ಟು ಕಡಿಮೆ ಕೈಗಳಲ್ಲಿದೆ ಎಂಬುದು ಇನ್ನೊಂದು. ಎರಡೂ ಹೆಚ್ಚಾದಲ್ಲಿ ಆ ಖನಿಜ ನಿರ್ಣಾಯಕ. ಒಬ್ಬನೇ ವ್ಯಾಪಾರಿ ಊರಿನ ಅಡಿಕೆಯನ್ನೆಲ್ಲ ಕೊಳ್ಳುತ್ತಿದ್ದ ಕಾಲವನ್ನು ನೆನಪಿಸಿಕೊಳ್ಳುವ ಹಿರಿಯರಿಗೆ ಎರಡನೆಯ ಅಳತೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಕೊಳ್ಳುವವನು ಒಬ್ಬ, ಇಲ್ಲಿ ಮಾರುವವನು ಒಬ್ಬ, ಅಷ್ಟೇ ವ್ಯತ್ಯಾಸ.

ಯುರೋಪಿನ ಒಕ್ಕೂಟವು ಈ ಬಗ್ಗೆ ಒಂದು ಕಾನೂನನ್ನೇ ಮಾಡಿ 2024ರ ಮೇ ತಿಂಗಳಲ್ಲಿ ಜಾರಿಗೆ ತಂದಿದೆ. 2030ರ ಹೊತ್ತಿಗೆ ತನ್ನ ವಾರ್ಷಿಕ ಬಳಕೆಯಲ್ಲಿ ನೂರಕ್ಕೆ 10ರಷ್ಟನ್ನು ತನ್ನ ನೆಲದಿಂದಲೇ ತೆಗೆಯಬೇಕು, ನೂರಕ್ಕೆ 40ರಷ್ಟನ್ನು ತನ್ನಲ್ಲೇ ಸಂಸ್ಕರಿಸಬೇಕು, 25ರಷ್ಟನ್ನು ಹಳೆಯ ಸಾಮಾನುಗಳಿಂದ ಮರಳಿ ಪಡೆಯಬೇಕು, ಆಯಕಟ್ಟಿನ ಯಾವುದೇ ಖನಿಜಕ್ಕೂ ಹೊರಗಿನ ಒಂದೇ ದೇಶವನ್ನು 65ಕ್ಕಿಂತ ಹೆಚ್ಚು ಅವಲಂಬಿಸಬಾರದು ಎಂದು ಅದರ ಗುರಿ. ಗುರಿ ಮುಟ್ಟುತ್ತಾರೋ ಇಲ್ಲವೋ ಬೇರೆ ಮಾತು. ಅಂಕಿಗಳನ್ನು ಮುಂದಿಟ್ಟುಕೊಂಡು ಹೊರಟಿರುವುದು ಮಾತ್ರ ಮೆಚ್ಚತಕ್ಕದ್ದು. ಅವುಗಳಲ್ಲಿ ದೊಡ್ಡ ಅಂಕಿ ಅಗೆಯುವುದರದಲ್ಲ, ಸಂಸ್ಕರಣೆಯದು. ಇದಕ್ಕೆ ಕಾರಣ ತಿಳಿಯಬೇಕಾದರೆ ನಮ್ಮ ದೇಶದ್ದೇ ಒಂದು ಹಳೆಯ ಕಥೆಯನ್ನು ಹೇಳಬೇಕು.

ತೆಂಗಿನ ನಾರಿಗೆ ಅಂಟಿದ ಮರಳು

1909ರ ಸುಮಾರಿಗೆ ಶೋಂಬರ್ಗ್ ಎಂಬ ಜರ್ಮನ್ ರಸಾಯನ ಶಾಸ್ತ್ರಜ್ಞನು ತಿರುವಾಂಕೂರಿನಿಂದ ರಫ್ತಾದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳನ್ನು ಪರೀಕ್ಷಿಸಿ ಅದರಲ್ಲಿ ಮೊನಜೈಟ್ ಎಂಬ ಖನಿಜವನ್ನು ಕಂಡನು. ಆಗಿನ ಕಾಲಕ್ಕೆ ಮೊನಜೈಟ್ ಬೇಕಾಗಿದ್ದುದು ಗ್ಯಾಸ್‌ಲೈಟಿನ ಮ್ಯಾಂಟಲಿಗೆ. ಮದುವೆ ಚಪ್ಪರದಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸಿನ ಬೆಳ್ಳನೆಯ ಬೆಳಕು ನಮ್ಮ ಓದುಗರಲ್ಲಿ ಅನೇಕರಿಗೆ ನೆನಪಿದೆ. ಆ ಮ್ಯಾಂಟಲಿನ ಜೀವಾಳ ಮೊನಜೈಟಿನಿಂದ ತೆಗೆಯುವ ಥೋರಿಯಂ, ಅದರ ಜೊತೆಗೆ ಚಿಟಿಕೆ ಸೀರಿಯಂ. ಈ ಸೀರಿಯಂ ಮತ್ತು ಅದರ ಬಳಗದ ಒಟ್ಟು 17 ಲೋಹಗಳಿಗೇ ಇಂದು ವಿರಳ ಭೂಲೋಹಗಳು ಎನ್ನುತ್ತಾರೆ. ವಿದ್ಯುತ್ ವಾಹನದ ಮೋಟಾರಿನಲ್ಲಿಯೂ ದೊಡ್ಡ ಗಾಳಿಯಂತ್ರಗಳಲ್ಲಿಯೂ ಇರುವ ಬಲಿಷ್ಠ ಅಯಸ್ಕಾಂತಗಳು ಈ ಬಳಗದ ನಿಯೋಡಿಮಿಯಂನಿಂದ ಆಗುವಂಥವು.

ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ಇಂಡಿಯನ್ ರೇರ್ ಅರ್ತ್ಸ್ ಎಂಬ ಸಂಸ್ಥೆಯನ್ನು ಕಟ್ಟಿ 1952ರಲ್ಲಿ ಕೇರಳದ ಆಲುವಾದಲ್ಲಿ ಮೊನಜೈಟ್ ಸಂಸ್ಕರಣೆಯ ಕಾರ್ಖಾನೆಯನ್ನು ತೆರೆಯಲಾಯಿತು. ಚೀನಾ ಈ ಕ್ಷೇತ್ರದಲ್ಲಿ ದೊಡ್ಡ ಹೆಸರಾಗುವುದಕ್ಕೆ ಬಹಳ ಮುಂಚಿನ ಮಾತು ಇದು. ಮರಳು ನಮ್ಮದು, ಕಾರ್ಖಾನೆ ನಮ್ಮದು, ವಿಜ್ಞಾನಿಗಳು ನಮ್ಮವರು. ಆದರೂ ಇಂದು ಪ್ರಪಂಚದ ವಿರಳ ಭೂಲೋಹಗಳ ಶುದ್ಧೀಕರಣದಲ್ಲಿ ನೂರಕ್ಕೆ ಸುಮಾರು 90 ಪಾಲು ಚೀನಾದ್ದು. ಅಯಸ್ಕಾಂತಗಳ ತಯಾರಿಕೆಯೂ ಹಾಗೆಯೇ. 2025ರ ಏಪ್ರಿಲಿನಲ್ಲಿ ಚೀನಾ ಈ ಬಳಗದ ಏಳು ಲೋಹಗಳ ಮತ್ತು ಅವುಗಳಿಂದಾದ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಬೇಕೆಂದು ಕಟ್ಟುಪಾಡು ಹಾಕಿದಾಗ ಕೆಲವೇ ವಾರಗಳಲ್ಲಿ ನಮ್ಮ ದೇಶದ ವಾಹನ ತಯಾರಕರೂ ಪೇಚಿಗೆ ಸಿಕ್ಕಿದರು. ಮರಳು ಕಡಲತೀರದಲ್ಲಿ ಇದ್ದೇ ಇತ್ತು. ಆದರೆ ಮರಳನ್ನು ಮೋಟಾರಿಗೆ ಇಡಲಿಕ್ಕೆ ಆಗುತ್ತದೆಯೆ? ಅಡಿಕೆ ಮರದಲ್ಲಿರುವುದಕ್ಕೂ, ಸುಲಿದು ಒಣಗಿಸಿ ಗ್ರೇಡ್ ಮಾಡಿ ಪೇಟೆಗೆ ಬರುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ನಡುವಿನ ಕೆಲಸ ಯಾರ ಕೈಯಲ್ಲಿದೆಯೋ ಬೆಲೆಯೂ ಅವರ ಕೈಯಲ್ಲಿ.

ಜಪಾನಿನ ಪಾಠ, ನಮಗೆ ಗೊತ್ತಿದ್ದ ಪಾಠ

ಇಂತಹ ಏಟನ್ನು ಮೊದಲು ತಿಂದದ್ದು ಜಪಾನ್. 2010ರ ಸೆಪ್ಟೆಂಬರಿನಲ್ಲಿ ಸೆಂಕಾಕು ದ್ವೀಪಗಳ ಹತ್ತಿರ ಚೀನಾದ ಮೀನುಗಾರಿಕಾ ದೋಣಿಯೊಂದು ಜಪಾನಿನ ಕರಾವಳಿ ಕಾವಲು ಹಡಗುಗಳಿಗೆ ಢಿಕ್ಕಿ ಹೊಡೆಯಿತು. ಜಗಳ ಬೆಳೆದು ಜಪಾನಿಗೆ ಬರುತ್ತಿದ್ದ ವಿರಳ ಭೂಲೋಹಗಳ ಸಾಗಾಟ ಸುಮಾರು ಎರಡು ತಿಂಗಳ ಕಾಲ ನಿಂತುಹೋಯಿತು. ಆಗ ಜಪಾನಿನ ಬಳಕೆಯಲ್ಲಿ ನೂರಕ್ಕೆ 90ರಷ್ಟು ಚೀನಾದಿಂದಲೇ ಬರುತ್ತಿತ್ತು. ಜಪಾನ್ ಸುಮ್ಮನೆ ಕೂರಲಿಲ್ಲ. ಮರುವರ್ಷ ಅಲ್ಲಿನ ಸರಕಾರಿ ಸಂಸ್ಥೆ ಮತ್ತು ಒಂದು ವ್ಯಾಪಾರಿ ಕಂಪೆನಿ ಸೇರಿ ಆಸ್ಟ್ರೇಲಿಯಾದ ಲೈನಾಸ್ ಎಂಬ ಗಣಿ ಕಂಪೆನಿಗೆ 25 ಕೋಟಿ ಡಾಲರ್ ಒದಗಿಸಿ, ತಮಗೆ ಇಂತಿಷ್ಟು ಮಾಲು ಕೊಡಬೇಕೆಂದು ದೀರ್ಘಾವಧಿ ಕರಾರು ಮಾಡಿಕೊಂಡವು. ದೇಶದೊಳಗೆ ದಾಸ್ತಾನು ಇಟ್ಟರು. ಕಡಿಮೆ ಲೋಹದಲ್ಲಿ ಕೆಲಸ ನಡೆಯುವ ಮೋಟಾರುಗಳನ್ನು ಕಂಡುಹಿಡಿದರು.

ಇಲ್ಲಿಯವರೆಗಿನದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಗಮನಕ್ಕೆ ಹೆಚ್ಚು ಅರ್ಹವಾದದ್ದು ಮುಂದೆ ನಡೆದದ್ದು. 2011ರಲ್ಲಿ ಆಕಾಶಕ್ಕೇರಿದ್ದ ಬೆಲೆ ಒಂದೆರಡು ವರ್ಷಗಳಲ್ಲಿ ನೆಲಕ್ಕೆ ಬಿತ್ತು. ಏರಿದ ಬೆಲೆಯನ್ನು ನಂಬಿ ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿಯನ್ನು ಪುನಃ ತೆರೆದಿದ್ದ ಮಾಲಿಕಾರ್ಪ್ ಕಂಪೆನಿ 2015ರಲ್ಲಿ ದಿವಾಳಿಯಾಯಿತು. ಲೈನಾಸ್ ಕೂಡ ಅದೇ ದಾರಿ ಹಿಡಿಯುತ್ತಿತ್ತು. ಜಪಾನಿನವರು ಸಾಲದ ಕಂತನ್ನು ಮುಂದೂಡಿ ಬಡ್ಡಿ ಇಳಿಸಿದ್ದರಿಂದ ಅದು ಉಳಿಯಿತು. ಚೀನಾದ ಮೇಲಿನ ಜಪಾನಿನ ಅವಲಂಬನೆ ಸುಮಾರು 60ಕ್ಕೆ ಇಳಿದದ್ದು ಹೀಗೆ. ಗಣಿ ತೋಡಿದ್ದರಿಂದ ಅಲ್ಲ, ಬೆಲೆ ಬಿದ್ದಾಗ ಕೈಬಿಡದೆ ಇದ್ದುದರಿಂದ.

ಇದನ್ನು ಓದಿದ ಯಾವ ಅಡಿಕೆ ಬೆಳೆಗಾರನಿಗೆ 1970ರ ದಶಕದ ಆರಂಭದ ಬೆಲೆ ಕುಸಿತ ನೆನಪಾಗದೆ ಇದ್ದೀತು? ಆ ಸಂಕಷ್ಟದಲ್ಲಿಯೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಪೇಟೆಯಲ್ಲಿ ಕೊಳ್ಳುವವರಿಲ್ಲದ ದಿನ ಕೊಳ್ಳಲು ಒಬ್ಬರಿರಬೇಕು ಎಂಬುದೇ ಅದರ ಮೂಲ. ಕಾಫಿಯವರಿಗೂ 1989ರ ಜುಲೈ ಮರೆತಿರಲಾರದು. ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದು ಬೆಲೆ ಪಾತಾಳ ಕಂಡ ತಿಂಗಳು ಅದು. ಅಮೆರಿಕದ ರಕ್ಷಣಾ ಇಲಾಖೆಯೇ ಈಗ ಇದನ್ನು ಒಪ್ಪಿಕೊಂಡಿದೆ: 2025ರ ಜುಲೈಯಲ್ಲಿ ಮೌಂಟನ್ ಪಾಸಿನ ಈಗಿನ ಮಾಲೀಕರಿಗೆ ಹತ್ತು ವರ್ಷಗಳ ಕಾಲ ಕಿಲೋಗೆ 110 ಡಾಲರಿಗಿಂತ ಕಡಿಮೆಯಾಗದಂತೆ ಬೆಲೆಯ ಖಾತರಿ ಕೊಟ್ಟಿತು. ರೈತನಿಗೆ ಬೆಂಬಲ ಬೆಲೆ ಕೊಟ್ಟರೆ ಮಾರುಕಟ್ಟೆ ಕೆಡುತ್ತದೆ ಎಂದು ಉಪದೇಶಿಸುತ್ತಿದ್ದ ದೇಶ ಅದು.

ನಮ್ಮ ಸರಕಾರ ಮಾಡಿರುವುದು

2023ರಲ್ಲಿ ಗಣಿ ಮತ್ತು ಖನಿಜಗಳ ಕಾಯಿದೆಗೆ ತಿದ್ದುಪಡಿ ತಂದು 24 ಖನಿಜಗಳ ಗಣಿಗಳನ್ನು ಹರಾಜು ಹಾಕುವ ಅಧಿಕಾರವನ್ನು ಕೇಂದ್ರವೇ ವಹಿಸಿಕೊಂಡಿತು. ಹರಾಜಿನ ವರಮಾನ ಮಾತ್ರ ರಾಜ್ಯಗಳಿಗೆ. ಈ 24ರ ಪಟ್ಟಿ ಮತ್ತು ಮೊದಲು ಹೇಳಿದ 30ರ ಪಟ್ಟಿ ಬೇರೆ ಬೇರೆ ಎಂಬುದನ್ನು ಓದುಗರು ಗಮನಿಸಬೇಕು. ಪೊಟ್ಯಾಷ್, ಫಾಸ್ಫೇಟ್ ಎರಡರಲ್ಲಿಯೂ ಇವೆ. ತಾಮ್ರ 30ರಲ್ಲಿದೆ, 24ರಲ್ಲಿಲ್ಲ. 2025ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಸಚಿವ ಸಂಪುಟದ ಒಪ್ಪಿಗೆ ದೊರೆಯಿತು. ಏಳು ವರ್ಷಗಳಿಗೆ ಸರಕಾರದ ವೆಚ್ಚ 16,300 ಕೋಟಿ ರೂ., ಸಾರ್ವಜನಿಕ ಉದ್ದಿಮೆಗಳಿಂದ ನಿರೀಕ್ಷಿಸಿದ್ದು 18,000 ಕೋಟಿ ರೂ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಳೆಯ ಬ್ಯಾಟರಿ ಮತ್ತು ವಿದ್ಯುನ್ಮಾನ ಕಸದಿಂದ ಲೋಹ ತೆಗೆಯುವವರಿಗೆ 1,500 ಕೋಟಿ ರೂ., ನವೆಂಬರಿನಲ್ಲಿ ಅಯಸ್ಕಾಂತ ತಯಾರಿಕೆಗೆ 7,280 ಕೋಟಿ ರೂ. ಯೋಜನೆಗಳು ಬಂದವು. ಕೊನೆಯದು ನಡುವಿನ ಕೆಲಸಕ್ಕೆ ಕೊಟ್ಟ ಹಣವಾದ್ದರಿಂದ ಎಲ್ಲಕ್ಕಿಂತ ಒಳ್ಳೆಯದೆಂದು ನಮಗೆ ತೋರುತ್ತದೆ.

ಹರಾಜಿನ ಅನುಭವ ಅಷ್ಟು ಚೆನ್ನಾಗಿಲ್ಲ. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ನಿಕ್ಷೇಪ ಎಂದು 2023ರ ಫೆಬ್ರವರಿಯಲ್ಲಿ ಭಾರಿ ಸುದ್ದಿಯಾಯಿತು. ಆ ವರ್ಷವೇ ಹರಾಜಿಗಿಟ್ಟರೂ ಸಾಕಷ್ಟು ಮಂದಿ ಮುಂದೆ ಬಾರದೆ 2024ರ ಮಾರ್ಚಿನಲ್ಲಿ ಅದು ರದ್ದಾಯಿತು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣದ ಕಥೆಯೂ ಇದೇ ಜಾತಿಯದು. 2020ರಲ್ಲಿ 14,100 ಟನ್ ಎಂದು ಕೇಳಿಬಂದದ್ದು ಮರುವರ್ಷದ ಅಧಿಕೃತ ಅಂದಾಜಿನಲ್ಲಿ 1,600 ಟನ್ ಆಯಿತು. ಹಿಂಗಾರ ಬಿಚ್ಚಿದ ದಿನವೇ ಅಡಿಕೆ ಎಣಿಸಿದರೆ ಹೀಗೆಯೇ ಆಗುವುದು.

ಇನ್ನು ನಮ್ಮ ಮೂರು ವಸ್ತುಗಳು

ತಾಮ್ರದಿಂದ ಆರಂಭಿಸೋಣ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ 1885ರಲ್ಲಿ ದ್ರಾಕ್ಷಿಗೆಂದು ಪ್ರಚಾರಕ್ಕೆ ಬಂದ ಸುಣ್ಣ-ತುತ್ತಿನ ಮದ್ದನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಮೇಲೆ ಬಳಕೆಗೆ ತಂದರು. ಕೊಳೆರೋಗದ ಮೇಲಿನ ಅವರ ಪುಸ್ತಿಕೆ 1910ರದ್ದು. ಅಂದಿನಿಂದ ಇಂದಿನವರೆಗೂ ನಾವು ನಂಬಿರುವುದು ಅದನ್ನೇ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಆ ಒಂದು ಕಿಲೋ ತುತ್ತಿನಲ್ಲಿ ಕಾಲು ಕಿಲೋ ತಾಮ್ರವಿದೆ. ಆದುದರಿಂದ ಲಂಡನ್ನಿನಲ್ಲಿ ತಾಮ್ರ ಏರಿದರೆ ನಮ್ಮಲ್ಲಿ ತುತ್ತು ಏರುತ್ತದೆ. 2024ರ ಮೇ ತಿಂಗಳಲ್ಲಿ, ನಾವು ಮಳೆಗಾಲದ ಖರೀದಿಯಲ್ಲಿದ್ದಾಗಲೇ, ತಾಮ್ರ ಅಲ್ಲಿ ಟನ್ನಿಗೆ 11,000 ಡಾಲರ್ ದಾಟಿತ್ತು.

ಬೇಡಿಕೆ ಎಲ್ಲಿಂದ? ಸಾಮಾನ್ಯ ಕಾರಿಗೆ ಇಪ್ಪತ್ತು ಚಿಲ್ಲರೆ ಕಿಲೋ ತಾಮ್ರ ಸಾಕು. ವಿದ್ಯುತ್ ಕಾರಿಗೆ ಸುಮಾರು 80 ಕಿಲೋ ಬೇಕು. ಲೆಕ್ಕ ಹಾಕಿ ನೋಡಿದರೆ, ಒಂದು ವಿದ್ಯುತ್ ಕಾರಿನಲ್ಲಿರುವ ತಾಮ್ರದಿಂದ 320 ಕಿಲೋ ಮೈಲುತುತ್ತು, ಎಂದರೆ 32 ಸಾವಿರ ಲೀಟರ್ ಬೋರ್ಡೋ ದ್ರಾವಣ ಆಗುತ್ತದೆ. ಕಾರು ಬೇಡವೆಂದು ನಾವು ಹೇಳುತ್ತಿಲ್ಲ, ಸದಸ್ಯರಲ್ಲಿಯೇ ಕೆಲವರು ಕೊಂಡಿದ್ದಾರೆ. ಆದರೆ ಯಾರ ಜೊತೆ ಪೈಪೋಟಿಯಲ್ಲಿ ನಿಂತಿದ್ದೇವೆ ಎಂಬುದು ಗೊತ್ತಿರಬೇಕು. ದೇಶದೊಳಗಿನ ಪರಿಸ್ಥಿತಿಯೂ ಅನುಕೂಲವಾಗಿಲ್ಲ. 2018ರಲ್ಲಿ ತೂತ್ತುಕುಡಿಯ ದೊಡ್ಡ ತಾಮ್ರ ಶುದ್ಧೀಕರಣ ಘಟಕ ಮುಚ್ಚಿದ ಮೇಲೆ ಭಾರತವು ಶುದ್ಧ ತಾಮ್ರವನ್ನು ರಫ್ತು ಮಾಡುವ ಬದಲು ಆಮದು ಮಾಡುವ ದೇಶವಾಯಿತು. ಘಟಕದ ಮಾಲಿನ್ಯದ ವಿರುದ್ಧ ನಡೆದ ಚಳವಳಿಯಲ್ಲಿ ಪೋಲಿಸರ ಗುಂಡಿಗೆ 13 ಮಂದಿ ಬಲಿಯಾದ ನಂತರ ಮುಚ್ಚಿದ್ದು ಅದು. ಆದ್ದರಿಂದ ‘ತೆರೆದುಬಿಡಿ’ ಎಂದು ಒಂದು ಮಾತಿನಲ್ಲಿ ಹೇಳುವಂತಿಲ್ಲ. ಶುದ್ಧೀಕರಣವೆಂಬ ನಡುವಿನ ಕೆಲಸಕ್ಕೆ ಗಾಳಿ-ನೀರಿನ ಲೆಕ್ಕವೂ ಸೇರಿಯೇ ಇರುತ್ತದೆ. ಅದನ್ನು ಇಟ್ಟುಕೊಳ್ಳದೆ ಹೋದದ್ದರ ಫಲ ಎಲ್ಲರೂ ಉಣ್ಣಬೇಕಾಯಿತು.

ಪೊಟ್ಯಾಷಿನ ವಿಷಯ ಇನ್ನೂ ಸ್ಪಷ್ಟ. ಫಸಲು ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ಸದಸ್ಯರಿಗೆ ಬಾಯಿಪಾಠ. ಮೂರರಲ್ಲಿ ಹೆಚ್ಚು ಬೇಕಾಗಿರುವುದು ಪೊಟ್ಯಾಷ್. ಮ್ಯೂರಿಯೇಟ್ ಲೆಕ್ಕದಲ್ಲಿ ಮರಕ್ಕೆ ಸುಮಾರು 233 ಗ್ರಾಂ, ಎಕರೆಗೆ 550 ಮರವೆಂದರೆ ಎರಡೂವರೆ ಚೀಲ. ಆ ಎರಡೂವರೆ ಚೀಲವೂ ಹಡಗಿನಲ್ಲಿ ಬಂದದ್ದು. ಕೆನಡಾ, ರಷ್ಯಾ, ಬೆಲಾರುಸ್ ಮೂರೇ ದೇಶಗಳ ಕೈಯಲ್ಲಿ ಪ್ರಪಂಚದ ಪೊಟ್ಯಾಷಿನ ಬಹುಪಾಲು ಇದೆ. 2021ರ ಆರಂಭದಲ್ಲಿ ಭಾರತ ಟನ್ನಿಗೆ 247 ಡಾಲರಿಗೆ ಕರಾರು ಮಾಡಿಕೊಂಡಿತ್ತು. ಬೆಲಾರುಸಿನ ಮೇಲೆ ನಿರ್ಬಂಧ, ಉಕ್ರೇನಿನಲ್ಲಿ ಯುದ್ಧ ಒಟ್ಟಿಗೆ ಬಂದ 2022ರಲ್ಲಿ ಅದು 590 ಡಾಲರ್ ಆಯಿತು. ಆ ವರ್ಷ ನಮ್ಮ ತೋಟಗಳಲ್ಲಿ ಅನೇಕರು ಪೊಟ್ಯಾಷ್ ಹಾಕದೆ ಬಿಟ್ಟರು. 2024ರ ಹೊತ್ತಿಗೆ ಕರಾರಿನ ಬೆಲೆ 300ಕ್ಕಿಂತ ಕೆಳಗಿಳಿಯಿತು, ನಿಜ. ಆದರೆ ಮರವು ಹೋದ ವರ್ಷದ ಊಟವನ್ನು ಈ ವರ್ಷ ಉಣ್ಣುವುದಿಲ್ಲ.

ರಾಜಸ್ಥಾನದ ಹನುಮಾನ್‌ಗಢ ಜಿಲ್ಲೆಯ ಪೊಟ್ಯಾಷ್ ನಿಕ್ಷೇಪವೊಂದು 2025ರಲ್ಲಿ ಹರಾಜಾಯಿತು. ದೇಶದಲ್ಲಿ ಪೊಟ್ಯಾಷಿನ ಹರಾಜು ಅದೇ ಮೊದಲು. ಅದು ನೆಲದೊಳಗೆ ಬಹಳ ಆಳದಲ್ಲಿರುವುದರಿಂದ ಚೀಲವಾಗಿ ನಮ್ಮ ಗೋದಾಮಿಗೆ ಬರುವ ದಿನವನ್ನು ಈಗಲೇ ಎಣಿಸತೊಡಗುವುದು ಬೇಡ.

ರಂಜಕದ ಮಾತನ್ನು ಚುಟುಕಾಗಿ ಹೇಳುತ್ತೇವೆ. ನಮ್ಮ ಹುಳಿ ಮಣ್ಣಿಗೆ ಶಿಲಾರಂಜಕ ಒಗ್ಗುತ್ತದೆ. ಅದು ರಾಜಸ್ಥಾನದಿಂದ ಬರುತ್ತದೆಯಾದ್ದರಿಂದ ಸದ್ಯ ಅಷ್ಟು ಭಯವಿಲ್ಲ. ಡಿಎಪಿಯ ಕಥೆ ಬೇರೆ. ಹೊಸ ಮಾದರಿಯ ಬ್ಯಾಟರಿಗಳಲ್ಲಿ ಬಹುಭಾಗ ಲಿಥಿಯಂ, ಕಬ್ಬಿಣ ಮತ್ತು ಫಾಸ್ಫೇಟಿನವು. ಗೊಬ್ಬರಕ್ಕೆ ಹೋಗುತ್ತಿದ್ದ ಫಾಸ್ಫಾರಿಕ್ ಆಮ್ಲಕ್ಕೆ ಅಲ್ಲಿ ಇನ್ನೊಬ್ಬ ಗಿರಾಕಿ ಹುಟ್ಟಿದ್ದಾನೆ. ಚೀನಾ 2021ರ ಕೊನೆಯಿಂದಲೇ ಫಾಸ್ಫೇಟ್ ಗೊಬ್ಬರದ ರಫ್ತನ್ನು ಬಿಗಿಹಿಡಿಯತೊಡಗಿತು.

ಎಲ್ಲಿ ಕೊರತೆ?

ನೀತಿಯಲ್ಲಿ ನಮಗೆ ಕಾಣುವ ಕೊರತೆ ಇಷ್ಟು. ಪಟ್ಟಿ ಮಾಡಿದ್ದು ಗಣಿ ಸಚಿವಾಲಯ. ಪೊಟ್ಯಾಷಿನ ಸಹಾಯಧನ ಗೊಬ್ಬರ ಸಚಿವಾಲಯದ್ದು. 2010ರಿಂದ ಪೋಷಕಾಂಶ ಆಧಾರಿತ ಪದ್ಧತಿಯಲ್ಲಿ ಅದು ವರ್ಷಕ್ಕೊಂದೆರಡು ಸಲ ನಿಗದಿಯಾಗುತ್ತದೆ. ಮೈಲುತುತ್ತು ಗೊಬ್ಬರದ ಸಹಾಯಧನದೊಳಗೂ ಬರುವುದಿಲ್ಲ, ಬ್ಯಾಟರಿಯ ಪ್ರೋತ್ಸಾಹಧನದೊಳಗೂ ಬರುವುದಿಲ್ಲ. ಖನಿಜ ನಿರ್ಣಾಯಕವೆಂದು ಘೋಷಿಸುವಾಗ ಬೆಳೆಯನ್ನೂ ಲೆಕ್ಕಕ್ಕೆ ಹಿಡಿದು, ಹಣ ಹಂಚುವಾಗ ಬರೀ ಕಾರ್ಖಾನೆಯನ್ನು ಹಿಡಿದರೆ ಹೇಗೆ? ಅಭಿಯಾನದಲ್ಲಿ ಖನಿಜಗಳ ದಾಸ್ತಾನಿನ ಪ್ರಸ್ತಾಪವಿದೆ. ಆ ದಾಸ್ತಾನಿನಲ್ಲಿ ಒಂದು ಹಂಗಾಮಿಗೆ ಸಾಕಾಗುವಷ್ಟು ಪೊಟ್ಯಾಷ್ ಇರಬೇಕು. ಸಸ್ಯರಕ್ಷಣೆಗಾಗಿ ಮೈಲುತುತ್ತು ತಯಾರಿಸುವವರಿಗೆ, ಅದರಲ್ಲಿಯೂ ಗುಜರಿ ತಾಮ್ರದಿಂದ ತಯಾರಿಸುವವರಿಗೆ, ಮರುಬಳಕೆಯ ಪ್ರೋತ್ಸಾಹ ಸಿಗಬೇಕು. ಇದು ನಮ್ಮ ಅಭಿಪ್ರಾಯ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯವು ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ನೀಡಿತು. ದೇಶದ ಹಿತಕ್ಕೆ ಅವಸರವಿದೆ ಎಂದು ಕಾರಣ. ಚನ್ನಗಿರಿ ಅಡಿಕೆಯ ಸೀಮೆಯೆಂದು ಎಲ್ಲರೂ ಬಲ್ಲರು. ಅದೇ ತಾಲೂಕಿನ ಹನುಮಲಾಪುರದ ಬಂಡೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳ ಸುಳಿವನ್ನು ಭೂವಿಜ್ಞಾನಿಗಳು ಕಂಡಿದ್ದಾರೆ. ಆ ಗುಂಪು ಎರಡೂ ಪಟ್ಟಿಗಳಲ್ಲಿದೆ. ಸುಳಿವು ಕಂಡ ಮಾತ್ರಕ್ಕೆ ಗಣಿ ಆಗಿಬಿಡುವುದಿಲ್ಲ, ಯಾರೂ ಗಾಬರಿಗೊಳ್ಳಬೇಕಾಗಿಲ್ಲ. ಆದರೆ ಎಂದಾದರೂ ಆಗುವುದಿದ್ದರೆ, ತೋಟದ ಕೆರೆ ಮತ್ತು ಕೊಳವೆಬಾವಿಯ ನೀರು ಎತ್ತ ಹೋಗುತ್ತದೆ ಎಂದು ಕೇಳಲು ಬೆಳೆಗಾರನಿಗೆ ಒಂದು ದಿನ, ಒಂದು ಮೇಜು, ಒಬ್ಬ ಅಧಿಕಾರಿ ಇರಬೇಕಲ್ಲವೆ? ಯುರೋಪಿನ ಕಾನೂನು ಕೂಡ ಅನುಮತಿಗೆ ಕಾಲಮಿತಿ ಹಾಕಿದೆ, ಆದರೆ ಜನರನ್ನು ಕೇಳುವುದನ್ನು ಕೈಬಿಟ್ಟಿಲ್ಲ. ಈ ವಿನಾಯಿತಿಯನ್ನು ಹಿಂತೆಗೆಯಬೇಕೆಂದು ಬೆಳೆಗಾರರ ಸಂಘಗಳು ಪಕ್ಷಭೇದವಿಲ್ಲದೆ ಒತ್ತಾಯಿಸುವುದು ಅಗತ್ಯ.

ಇಷ್ಟರಲ್ಲಿ ನಾವು ನಮ್ಮ ಕೈಲಾದುದನ್ನು ಮಾಡಬಹುದು. ಕಾಫಿಯ ಸಿಪ್ಪೆಯಲ್ಲಿ ಪೊಟ್ಯಾಷ್ ಹೇರಳವಾಗಿದೆ. ಅದನ್ನು ಗುಡ್ಡೆ ಹಾಕಿ ಮಳೆಗೆ ಬಿಟ್ಟರೆ ಪೊಟ್ಯಾಷೆಲ್ಲ ತೊಳೆದು ಹೋಗುವುದರಿಂದ, ಮಾಡಿನ ಕೆಳಗೆ ಕೊಳೆಸಿ ತೋಟಕ್ಕೆ ಹಾಕಬೇಕು. ಬಚ್ಚಲೊಲೆಯ ಬೂದಿಯನ್ನೂ ಎಸೆಯಬಾರದು. ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ಬರುವ ಪೊಟ್ಯಾಷ್ ನೂರಕ್ಕೆ 14.5ರಷ್ಟೇ ಇದ್ದರೂ ದೇಶದೊಳಗಿನದು, ಸಹಾಯಧನವೂ ಇದೆ. ಮಣ್ಣು ಪರೀಕ್ಷೆ ಮಾಡಿಸಿದವರು ಎಷ್ಟು ಬೇಕೋ ಅಷ್ಟನ್ನೇ ಕೊಳ್ಳಬಹುದು. ಮಣ್ಣಿನ ಮಾದರಿಗಳನ್ನು ನಮ್ಮ ಎಲ್ಲ ಶಾಖೆಗಳಲ್ಲಿ ಸ್ವೀಕರಿಸುತ್ತೇವೆ. ಮುಂದಿನ ಮಳೆಗಾಲದ ಮೈಲುತುತ್ತಿನ ಬೇಡಿಕೆಯನ್ನು ಸದಸ್ಯರು ಮಾರ್ಚ್ ತಿಂಗಳೊಳಗೆ ಆಯಾ ಶಾಖೆಯಲ್ಲಿ ಬರೆಸಿದಲ್ಲಿ, ಮೇ ತಿಂಗಳ ಏರುಬೆಲೆಗೆ ಮುಂಚೆ ಎಲ್ಲರ ಪರವಾಗಿ ಒಟ್ಟಾಗಿ ಖರೀದಿಸಲು ಅನುಕೂಲವಾಗುತ್ತದೆ.